ನಮ್ಮಾಂವ ಎಷ್ಟು ಸಲ ಸತ್ತ

ಬೋರುಗಳು ಬತ್ತಿದ ವರ್ಷ ಬೀದರಿನ ನಮ್ಮ ಓಣಿಯಲ್ಲಿ ಮೊದಲು ಬಾಗಿಲು ಹಾಕಿದ್ದು ಅಣ್ಣ ಕೆಲಸಕ್ಕಿದ್ದ ಮೋಟಾರು ವೈಂಡಿಂಗ್ ಅಂಗಡಿ. ಜನವಾಡ, ಮನ್ನಳ್ಳಿ ಕಡೆಯಿಂದ ಸುಟ್ಟ ಪಂಪುಗಳು ಬರುತ್ತಿದ್ದವು, ಇವನು ತಾಮ್ರದ ತಂತಿ ಸುತ್ತಿ ಕಳಿಸುತ್ತಿದ್ದ. ನೀರೇ ಇಲ್ಲದ ಮೇಲೆ ಮೋಟಾರು ಓಡುವುದೆಲ್ಲಿ, ಸುಡುವುದೆಲ್ಲಿ? ಓಣಿಯ ಅರ್ಧ ಮಂದಿ ಹೈದರಾಬಾದಿಗೆ ಹೊರಟಿದ್ದರು, ಅವನೂ ಹೊರಟ. ಹೆಂಡತಿಯನ್ನು, ಅಂದರೆ ನನ್ನ ವೈನಿಯನ್ನು, ನಮ್ಮ ಜೊತೆ ಬಿಟ್ಟ, ತನ್ನ ಹಳೆಯ ಕಂಪ್ಯೂಟರನ್ನು ಬಿಟ್ಟ, ಅದರೊಳಗಿನ ಒಂದು ಆಟದಲ್ಲಿ ತಾನು ಬೆಳೆಸಿದ ಕೊಡಲಿ ಹಿಡಿದ ವೀರನನ್ನೂ ಬಿಟ್ಟ.

ಆ ಆಟವನ್ನು ಒಂದೇ ಜೀವದ ಮೇಲೆ ಆಡುವ ಬಗೆಯೊಂದಿತ್ತು. ಬೇರೆ ಬಗೆಯಲ್ಲಿ ಸತ್ತವನು ಎದ್ದು ಬರುತ್ತಾನೆ. ಇದರಲ್ಲಿ ಸತ್ತರೆ ಮುಗಿಯಿತು, ತಿಂಗಳುಗಟ್ಟಲೆ ಬೆಳೆಸಿದವನು ಅಳಿಸಿಹೋಗುತ್ತಾನೆ. ನಾವು ಅವನನ್ನು ನಮ್ಮಾಂವ, ಅಂದರೆ ನಮ್ಮವನು, ಅನ್ನುತ್ತಿದ್ದೆವು. ಬ್ಯಾಗು ಹೆಗಲಿಗೇರಿಸಿಕೊಂಡು ಅಣ್ಣ ಹೇಳಿದ: "ನಾ ತಿರುಗಿ ಬರೂತನಕ ನಮ್ಮಾಂವನ್ನ ಜೀವಂತ ಇಡು ತಂಗಿ."

ನಾನಾಗ ಪಿಯುಸಿ ಓದುತ್ತಿದ್ದೆ. ಆ ಮಾತನ್ನು ಕಣ್ಣಿಗೊತ್ತಿಕೊಂಡೆ. ಇವನು ಸತ್ತರೆ ಅಣ್ಣ ಬರುವುದಿಲ್ಲ ಎಂದು ನನ್ನಷ್ಟಕ್ಕೆ ನಾನೇ ನಿಶ್ಚಯ ಮಾಡಿಕೊಂಡುಬಿಟ್ಟೆ. ಹುಚ್ಚಿ.

ಆ ಆಟವನ್ನು ನಡುವೆ ನಿಲ್ಲಿಸಿ ಏಳುವಂತಿರಲಿಲ್ಲ. ನಮ್ಮಾಂವನನ್ನು ಊರೊಳಗೆ ಮುಟ್ಟಿಸಿಯೇ ಏಳಬೇಕು, ಅಡವಿಯಲ್ಲಿ ಬಿಟ್ಟರೆ ರಾಕ್ಷಸರು ಮುಗಿಸುತ್ತಾರೆ. ಇತ್ತ ಓಣಿಗೆ ನೀರಿನ ಟ್ಯಾಂಕರ್ ಯಾವ ಹೊತ್ತಿಗೆ ಬರುತ್ತದೋ ದೇವರಿಗೇ ಗೊತ್ತು. ಹಾರನ್ ಕೇಳಿದ್ದೇ ತಡ, ಜನ ಕೊಡ ಹಿಡಿದು ಓಡುತ್ತಿದ್ದರು. ನಾನು ಮಾತ್ರ ಅವನನ್ನು ಹಳ್ಳ ದಾಟಿಸಿ, ಊರಬಾಗಿಲು ದಾಟಿಸಿ, ಆಮೇಲೆ ಓಡುವವಳು. ಅಷ್ಟರಲ್ಲಿ ಪಾಳಿ ಓಣಿಯ ತುದಿ ಮುಟ್ಟಿರುತ್ತಿತ್ತು, ನನಗೆ ಸಿಗುತ್ತಿದ್ದದ್ದು ತಳದ ಕೆಸರುನೀರು. ಅವ್ವ ಅರ್ಧ ಕೊಡ ನೋಡಿ, "ಇಕಿಗಿ ನೀರಿನಕಿಂತ ಆ ಗೊಂಬಿ ಹೆಚ್ಚಾಗ್ಯಾದ" ಎಂದು ಬೈಯುತ್ತಿದ್ದಳು. ಬೈಸಿಕೊಂಡೆ. ವಾರಗಟ್ಟಲೆ ತಲೆಗೆ ನೀರು ಹಾಕಿಕೊಳ್ಳಲಿಲ್ಲ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಅವನನ್ನು ಕಾಯ್ದೆ.

ವೈನಿ ಔರಾದ ತಾಲೂಕಿನ ಎಕಂಬಾದವರು. ಮದುವೆಯಾಗಿ ಬಂದ ಮೇಲೆ ಅಣ್ಣನಿಂದಲೇ ಆಟ ಕಲಿತಿದ್ದರು. ನಾನು ಕಾಲೇಜಿಗೆ ಹೋದ ಹೊತ್ತಿನಲ್ಲಿ ಅವರು ಆಡುತ್ತಿದ್ದರು, ಅದೂ ನನಗಿಂತ ಧೈರ್ಯವಾಗಿ. ಬೆಳಿಗ್ಗೆ ಟ್ಯಾಂಕರ್ ಬಂದರೆ ಪಾಳಿಯಲ್ಲಿ ಅವರೇ ಮೊದಲು. ಕೊಡ ತುಂಬಿ ತುಳುಕುತ್ತಿತ್ತು, ನಮ್ಮಾಂವನೂ ನೆಟ್ಟಗೆ ಇರುತ್ತಿದ್ದ.

"ನೀರೂ ಸಿಕ್ತು, ಅವನೂ ಉಳದ. ಹ್ಯಾಂಗ್ರಿ ವೈನಿ?" ಎಂದು ಕೇಳಿದರೆ, "ಕೈಗುಣ ತಂಗಿ, ಕೈಗುಣ" ಎಂದು ನಗುತ್ತಿದ್ದರು. ನಾನು ಆ ಕೈಗುಣವನ್ನು ಗೆಳತಿಯರ ಮುಂದೆಲ್ಲ ಹೊಗಳಿಕೊಂಡು ತಿರುಗಿದೆ.

ಆಟದ ಒಂದು ಹಳ್ಳಿಯಲ್ಲಿ ಮುದುಕಿಯೊಬ್ಬಳು ಮನೆಯ ಹೊರಗೆ ಕೂತಿರುತ್ತಾಳೆ. ಸತ್ತ ಮಗನ ಉಂಗುರ ತಂದುಕೊಟ್ಟರೆ ಹರಸಿ ಒಳಗೆ ಹೋಗಿ ಕದ ಹಾಕಿಕೊಳ್ಳುತ್ತಾಳೆ, ಮತ್ತೆ ಹೊರಗೆ ಬರುವುದಿಲ್ಲ. ಉಂಗುರ ನನಗೆ ಸಿಕ್ಕಿ ವಾರವಾಗಿತ್ತು. ಕೊಡಲು ಮನಸ್ಸಾಗದೆ ಇಟ್ಟುಕೊಂಡಿದ್ದವಳು ಒಂದು ಸಂಜೆ ಕೊಟ್ಟೆ. ಕದ ಮುಚ್ಚಿದಾಗ ನನ್ನ ಕಣ್ಣು ತುಂಬಿತು.

ಮರುದಿನ ಕಾಲೇಜಿನಿಂದ ಬಂದು ಕೂತರೆ ಮುದುಕಿ ಹೊರಗೇ ಇದ್ದಳು. ನನ್ನ ಮಗನನ್ನು ಕಂಡೆಯಾ ಎಂದು ಕೇಳಿದಳು. ನಮ್ಮಾಂವನ ಚೀಲ ತೆರೆದು ನೋಡಿದೆ. ಉಂಗುರ ಅದರೊಳಗಿತ್ತು. ಆಮೇಲೆ ತಿಳಿಯಿತು. ಇವನು ನಿನ್ನೆ ಸಂಜೆ ನಾನು ಬಿಟ್ಟುಹೋದವನಲ್ಲ, ಅದಕ್ಕೂ ಹಿಂದಿನವನು.

ಅಡುಗೆಮನೆಯಲ್ಲಿ ವೈನಿ ರೊಟ್ಟಿ ಬಡಿಯುತ್ತಿದ್ದರು, ಅವ್ವ ಒಲೆಯ ಮುಂದಿದ್ದಳು.

"ವೈನಿ, ನಮ್ಮಾಂವ ಸತ್ತಿದ್ದನೇನ್ರಿ?"

"ಮುಂಜಾನಿ ಟ್ಯಾಂಕರ್ ಬಂತು, ಬಿಟ್ಟು ಓಡ್ದೆ. ಇವತ್ತ ಕಾಪಿ ತೆಗಿಯೋದು ಮರ್ತಿದ್ದೆ ತಂಗಿ. ನಿನ್ನಿ ಮುಂಜಾನಿದೇ ಹಾಕ್ದೆ."

"ಇದು ಎಷ್ಟನೇ ಸಲ?"

"ಯಾರು ಎಣಿಸ್ಯಾರ?"

ದಿನವೂ ಆಡಲು ಕೂರುವ ಮುಂಚೆ ಅವನ ಕಾಪಿಯನ್ನು ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳುವುದು, ಸತ್ತರೆ ಅದರಿಂದ ಎಬ್ಬಿಸುವುದು. ಕೈಗುಣ ಎಂದರೆ ಇದು. ಅವನನ್ನು ಅಡವಿಯಲ್ಲಿ ಸಾಯಲು ಬಿಟ್ಟು ಹೋಗಿ ಪಾಳಿಯಲ್ಲಿ ಮೊದಲು ನಿಲ್ಲುವುದು.

"ಅಣ್ಣಗ ಗೊತ್ತದೇನು?"

"ಅವರೇ ಕಲಿಸಿ ಹೋಗ್ಯಾರ. ನಮ್ಮಾಂವ ಸತ್ರ ತಂಗಿ ಮನಸಿಗಿ ಹಚ್ಕೋತಾಳ, ಪರೀಕ್ಷಾ ಕೆಡಸ್ಕೋತಾಳ ಅಂದ್ರು."

"ಮತ್ತೇನು ಮುಚ್ಚಿಟ್ಟೀರಿ ನನ್ನಿಂದ?"

ಸಿಟ್ಟಿಗೆ ಕೇಳಿದ್ದು ಅಷ್ಟೇ, ಅದಕ್ಕೆ ಉತ್ತರವಿರುತ್ತದೆ ಅಂದುಕೊಂಡಿರಲಿಲ್ಲ. ವೈನಿ ಸೆರಗಿಗೆ ಕೈ ಒರೆಸಿಕೊಂಡರು. "ಅವರು ಅಲ್ಲೇ ಮನಿ ಹಿಡದಾರ. ನಿನ್ನ ಪರೀಕ್ಷಾ ಮುಗದ ಮ್ಯಾಲ ನಾನೂ ಹೋಗ್ತೇನಿ. ಇನ್ನ ಇಲ್ಲಿಗಿ ಬರೂದಿಲ್ಲ ತಂಗಿ."

ಅವ್ವ ಒಲೆಯಿಂದ ಮುಖ ಎತ್ತಲಿಲ್ಲ. ಅವಳಿಗೆ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಇಡೀ ಮನೆ ಕೂಡಿ ನನ್ನ ಕಣ್ಣಿಗೆ ಮಣ್ಣೆರಚಿತ್ತು. ಪ್ರೀತಿಯಿಂದ ಮೋಸ ಮಾಡಿದವರ ಮೇಲೆ ಸಿಟ್ಟಾಗಲೂ ಬಿಡುವುದಿಲ್ಲ ಜನ, "ನಿನ್ನ ಸಲುವಾಗಿ" ಎಂದು ಬಾಯಿ ಮುಚ್ಚಿಸುತ್ತಾರೆ. ನನ್ನ ಸಲುವಾಗಿಯೇ ಆಗಿದ್ದರೆ ನನಗೆ ಹೇಳಬೇಕಿತ್ತು. ಅರ್ಧ ಕೊಡ ಹೊತ್ತು ಬಂದು ಬೈಸಿಕೊಳ್ಳುತ್ತಿದ್ದಾಗ ಪಕ್ಕದಲ್ಲೇ ನಿಂತಿದ್ದ ವೈನಿ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಅದು ಇವತ್ತಿಗೂ ಉರಿಯುತ್ತದೆ.

ಆ ಭಾನುವಾರ ಫೋನಿನಲ್ಲಿ ಅಣ್ಣ ನಕ್ಕ. "ಆಟ ಅದ ತಂಗಿ, ಇಷ್ಟಕ್ಕ ಅಳ್ತಾರೇನು?" ನಾನು ಫೋನು ಅವ್ವನ ಕೈಗೆ ಕೊಟ್ಟೆ. ಮತ್ತೆ ಆ ಕಂಪ್ಯೂಟರಿನ ಮುಂದೆ ಕೂರಲಿಲ್ಲ. ಸಾಯಲಾರದವನನ್ನು ಕಾಯುವುದೇನು? ಪರೀಕ್ಷೆ ಮುಗಿದ ವಾರ ವೈನಿ ಹೈದರಾಬಾದಿನ ಬಸ್ಸು ಹತ್ತಿದರು. ಕಳಿಸಲು ಸ್ಟ್ಯಾಂಡಿಗೆ ನಾನು ಹೋಗಲಿಲ್ಲ.

ಈಗ ನಾನಿರುವುದು ಭಾಲ್ಕಿಯಲ್ಲಿ, ನೌಕರಿಗೆ. ಅಣ್ಣ ವೈನಿಯ ಮನೆಗೂ ಹೋಗಿಬರುತ್ತೇನೆ, ಉಂಡು ನಕ್ಕು ಬರುತ್ತೇನೆ. ಮೊನ್ನೆ ಅವ್ವ ಫೋನಿನಲ್ಲಿ, "ಅಪ್ಪಗ ಜರಾ ನೆಗಡಿ, ಅಷ್ಟೇ. ಆರಾಮ ಅದಾರ" ಎಂದಳು. ಅಷ್ಟೇ ಎಂದದ್ದು ಕೇಳಿದ್ದೇ ರಜೆ ಹಾಕಿ ಬೀದರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆಸ್ಪತ್ರೆಯ ಮಂಚವೇ ಕಣ್ಣ ಮುಂದೆ.

ಅಪ್ಪ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ. ಮೂಗು ಕೆಂಪಗಾಗಿತ್ತು. ಅವನಿಗೆ ನಿಜವಾಗಿ ಬರೀ ನೆಗಡಿ.

"ಯಾಕ ಬಂದಿ? ಏನರೆ ಆಗ್ಯಾದೇನು?"

"ಏನಿಲ್ಲಪ್ಪ, ಸುಮ್ಮ ಬಂದೆ."

ಅಪ್ಪ ನಂಬಿದ. ಶೇಂಗಾದ ಬುಟ್ಟಿಯನ್ನು ನನ್ನ ಕಡೆ ಸರಿಸಿದ. ನಾನು ಅವನ ಹಣೆ ಮುಟ್ಟಿ ನೋಡಿ, ಒಳಗೆ ಹೋಗಿ ಔಷಧದ ಚೀಟಿಗಳಿವೆಯೇ ಎಂದು ಕಪಾಟು ಹುಡುಕಿದೆ.