ಬೈಂದೂರಿನಿಂದ ಬರುತ್ತಿದ್ದ ಕಮೆಂಟು

ಕೊರೊನಾ ಗಲಾಟೆ ತಣ್ಣಗಾಗಿ ಒಂದು ವರ್ಷ ಕಳೆದಿತ್ತು. ಕುಂದಾಪುರ ಬಸ್‌ಸ್ಟ್ಯಾಂಡಿನ ಹಿಂದಿನ ಕಟ್ಟಡದ ಮಹಡಿಯಲ್ಲಿ ನನ್ನದೊಂದು ಕೋಣೆ, ಎರಡು ಕಂಪ್ಯೂಟರು, ಹೊರಗೆ ವೆಬ್‌ಸೈಟ್ ಮಾಡಿಕೊಡುತ್ತೇವೆ ಎಂಬ ಬೋರ್ಡು. ಬ್ರಹ್ಮಾವರದ ಗಿಡದ ನರ್ಸರಿಯವರಿಂದ ಹಿಡಿದು ಬೈಂದೂರಿನ ಲಾಡ್ಜಿನವರ ತನಕ ನನ್ನ ಗ್ರಾಹಕರು. ಹೊಸದಾಗಿ ಸಾಫ್ಟ್‌ವೇರ್ ಬರೆಯುವ ಪಂಡಿತ ನಾನಲ್ಲ. ತಯಾರಾಗಿ ಸಿಗುವ ಬ್ಲಾಗ್ ವೇದಿಕೆಗೆ ಬೇಕಾದ ಪ್ಲಗಿನ್ ಸಿಕ್ಕಿಸಿ, ಪ್ಲಗಿನ್ ಸಿಗದ ಕಡೆ ನಾಲ್ಕು ಸಾಲು ಕೋಡ್ ಬರೆದು ಒಪ್ಪಿಸುವವನು. ಪ್ಲಗಿನ್ ಅಂದರೆ ಮಿಕ್ಸಿಯ ಜಾರ್ ಇದ್ದ ಹಾಗೆ. ಯಂತ್ರ ಅದೇ, ಜಾರ್ ಬದಲಿಸಿದರೆ ಕೆಲಸ ಬೇರೆ. ಜನಕ್ಕೆ ಇದು ಕೆಲಸ ಅಂತಲೇ ಅನಿಸುವುದಿಲ್ಲ. "ಒಂದ್ ಬಟನ್ ಒತ್ತುದಲ್ದಾ ಮಾರಾಯ್ರೆ?" ಎಂದು ಕೇಳಿಬಿಡುತ್ತಾರೆ. ಆ ಮಾತು ಕೇಳಿದರೆ ಈಗಲೂ ನನಗೆ ಪಿತ್ತ ನೆತ್ತಿಗೇರುತ್ತದೆ.

ನಾಗೇಶಣ್ಣ ಹಾಗೆ ಕೇಳಿದವರಲ್ಲ. ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಐಸು, ಬೋಟು, ಮೀನಿನ ಕಥೆ ಬರೆಯಲು ಬ್ಲಾಗ್ ಬೇಕೆಂದು ಬಂದು, ಹಿನ್ನೆಲೆಯ ಬಣ್ಣಕ್ಕೇ ಎರಡು ದಿನ ನನ್ನ ಜೀವ ತಿಂದರು. "ಇದ್ ಕಡ್ಲಿನ್ ನೀಲಿ ಆಯ್ತ್. ನಂಗೆ ಬೇಕಾದ್ದ್ ಐಸಿನ್ ನೀಲಿ" ಅಂತ ಹಟ. ಕೊನೆಗೆ ಬಣ್ಣ ಒಪ್ಪಿಗೆಯಾಯಿತು. ಬರೆಯತೊಡಗಿದ ಮೇಲೆ ಅವರಿಗೆ ಓದುಗರೂ ಸಿಕ್ಕಿದರು. ಮುಂಬೈಯಲ್ಲಿ, ಗಲ್ಫಿನಲ್ಲಿ ಇದ್ದ ಊರಿನವರೇ ಹೆಚ್ಚು. ಕಮೆಂಟು ಬಂದ ದಿನ ನನಗೂ ಫೋನ್ ಮಾಡಿ ಓದಿ ಹೇಳುತ್ತಿದ್ದರು.

ಮೂರನೆಯ ವರ್ಷ ಒಂದು ಬೆಳಿಗ್ಗೆ ಅವರ ಹೆಂಡತಿ ಗುಲಾಬಿಯಕ್ಕ ಒಬ್ಬರೇ ನನ್ನ ಕೋಣೆಗೆ ಬಂದರು. ಬಂದವರು ಕೂತುಕೊಳ್ಳಲೂ ಇಲ್ಲ. "ಅವ್ರಿಗೆ ಮರವು ಕಾಯಿಲೆ ಅಂಬ್ರ್ ಡಾಕ್ಟ್ರು" ಅಂದರು. ಪ್ಲಾಂಟಿನಲ್ಲಿ ಅಮೋನಿಯಾ ಸೋರಿದ ದಿನದ ಕಥೆಯನ್ನು ನಾಗೇಶಣ್ಣ ಒಂದೇ ವಾರದಲ್ಲಿ ಐದು ಸಲ ಹೊಸದೆಂಬಂತೆ ಬರೆದು ಪ್ರಕಟಿಸಿದ್ದರು. ಕೆಳಗೆ ಯಾರೋ ಪೋಕರಿ "ಅಜ್ಜಯ್ಯಾ, ಈ ಐಸು ನಿನ್ನೆಯೇ ಕರಗಿತ್ತು" ಎಂದು ಕಮೆಂಟು ಹಾಕಿದ್ದ. ಊರಿನ ವಾಟ್ಸಪ್ ಗುಂಪಿನಲ್ಲೂ ಅದು ಹರಿದಾಡಿತ್ತು. ಅದನ್ನು ಓದಿ ನಾಗೇಶಣ್ಣ ಎರಡು ಹೊತ್ತು ಊಟ ಬಿಟ್ಟಿದ್ದರು. ಯಾಕೆ ನಗುತ್ತಾರೆ ಎಂಬುದು ಅವರಿಗೆ ಗೊತ್ತಾಗಿರಲಿಲ್ಲ, ನಗುತ್ತಿದ್ದಾರೆ ಎಂಬುದು ಮಾತ್ರ ಗೊತ್ತಾಗಿತ್ತು.

"ಬರೆಯುದ್ ನಿಲ್ಸುಕಾಗ. ಅದೊಂದೇ ಅವ್ರಿಗೆ ಉಳ್ದದ್ದ್. ಆದ್ರೆ ಊರಿನ್ ಜನ ಅದ್ನ ಕಾಂಬುದ್ ಬೇಡ. ಹಾಂಗೆ ಮಾಡುಕಾತ್ತಾ?"

ಆಗುತ್ತದೆ ಅಂದೆ. ನಮ್ಮ ವೇದಿಕೆಯಲ್ಲಿ ಒಂದು ಬರಹವನ್ನು ಖಾಸಗಿ ಮಾಡಿದರೆ ಅದು ಬರೆದವನಿಗೆ, ಅನುಮತಿ ಕೊಟ್ಟವರಿಗೆ ಅಷ್ಟೇ ಕಾಣುತ್ತದೆ. ಅವರು ಪ್ರಕಟಿಸು ಎಂದು ಒತ್ತಿದ ಕೂಡಲೇ ಬರಹ ತಾನಾಗಿ ಖಾಸಗಿಯಾಗುವಂತೆ ಕೋಡ್ ಬರೆದೆ. ಒಂದು ತೊಡಕಿತ್ತು. ಅಂಥ ಬರಹದ ತಲೆಬರಹಕ್ಕೆ ವೇದಿಕೆಯೇ ‘ಖಾಸಗಿ’ ಎಂಬ ಪದ ಅಂಟಿಸುತ್ತದೆ. ಅದನ್ನೂ ಇನ್ನೊಂದು ಸಾಲು ಬರೆದು ಕಿತ್ತು ಹಾಕಿದೆ. ನಾಗೇಶಣ್ಣನ ಫೋನಿನಲ್ಲಿ ಬ್ಲಾಗ್ ಮೊದಲಿನಂತೆಯೇ ಕಾಣುತ್ತಿತ್ತು. ಬೇರೆ ಯಾರಿಗೂ ಅವರ ಹೊಸ ಬರಹ ಒಂದೂ ಕಾಣುತ್ತಿರಲಿಲ್ಲ.

ಹತ್ತು ಹನ್ನೆರಡು ದಿನ ಕಳೆಯಿತು. ಆಮೇಲೆ ನಾಗೇಶಣ್ಣನದ್ದೇ ಫೋನ್ ಬಂತು. "ಹ್ವಾಯ್, ಎಂತಕೆ ಒಬ್ರೂ ಕಮೆಂಟ್ ಹಾಕ್ತಿಲ್ಲೆ? ನಾ ಬರ್ದದ್ದ್ ಹಾಳಾಯ್ತಾ?" ಎಂದು ಕೇಳಿದರು. ನಾನು ಏನೋ ನೆಟ್‌ವರ್ಕ್ ಗಿಟ್‌ವರ್ಕ್ ಅಂತ ತೊದಲಿದೆ. ಸಂಜೆಯೊಳಗೆ ಗುಲಾಬಿಯಕ್ಕ ಮತ್ತೆ ಬಂದು, ಕಮೆಂಟು ತಾನೇ ಹಾಕುತ್ತೇನೆ ಅಂದರು.

ಖಾಸಗಿ ಬರಹಕ್ಕೆ ಕಮೆಂಟು ಹಾಕಬೇಕಾದರೆ ಅದನ್ನು ಓದುವ ಅನುಮತಿ ಇರುವ ಪ್ರತ್ಯೇಕ ಖಾತೆ ಬೇಕು. ಖಾತೆ ತೆರೆಯುತ್ತಾ, ಹೆಸರು ಏನು ಹಾಕಲಿ ಎಂದು ಕೇಳಿದೆ.

"ನನ್ ಹೆಸ್ರ್ ಮಾತ್ರ ಬೇಡ ಮಾರಾಯ್ರೆ. ಹೆಂಡ್ತಿ ಹೊಗಳಿರೆ ಅದ್ ಲೆಕ್ಕಕ್ ಬತ್ತಿಲ್ಲೆ" ಎಂದು ನಕ್ಕರು. ಅವರ ತವರು ಬೈಂದೂರಿನ ಕಡೆ. ಅದಕ್ಕೆ ‘ಸುನಂದಾ, ಬೈಂದೂರು’ ಎಂದಾಯಿತು.

ಅವರಿಗೆ ಫೋನಿನಲ್ಲಿ ಕನ್ನಡ ಒತ್ತಿ ಬರೆಯಲು ಬರುತ್ತಿರಲಿಲ್ಲ. ಮೈಕ್ ಗುಂಡಿ ತೋರಿಸಿ, ಮಾತಾಡಿದರೆ ಅದೇ ಬರೆಯುತ್ತದೆ ಅಂದೆ. ಆ ಮೈಕಿಗೆ ನಮ್ಮ ಕುಂದಾಪ್ರ ಕನ್ನಡ ಎಲ್ಲಿ ಅರ್ಥವಾಗಬೇಕು! ಚೆನ್ನಾಗಿದೆ ಎನ್ನಲು "ಲಾಯ್ಕಿತ್ತ್" ಎಂದರೆ ಇನ್ನೇನನ್ನೋ ಬರೆಯಿತು. ಹಾಗಾಗಿ ಗುಲಾಬಿಯಕ್ಕ ಶಾಲೆಯಲ್ಲಿ ಕಲಿತ ಪುಸ್ತಕದ ಕನ್ನಡವನ್ನು ನೆನಪು ಮಾಡಿಕೊಂಡು, ಜಿಲ್ಲಾಧಿಕಾರಿಯ ಎದುರು ನಿಂತವರ ಹಾಗೆ ಮಾತಾಡಿದರು. "ತಮ್ಮ ಬರಹ ಓದಿ ತುಂಬಾ ಸಂತೋಷವಾಯಿತು. ದಯವಿಟ್ಟು ಇನ್ನೂ ಬರೆಯಿರಿ." ಅದು ಒಂದಕ್ಷರ ತಪ್ಪದೆ ಬಂತು. ಮೂವತ್ತು ವರ್ಷ ಜೊತೆಗೆ ಬಾಳಿದ ಹೆಂಗಸಿನ ಮಾತು ಎಂಬ ಗುಮಾನಿಯೂ ಬಾರದಂಥ ಕನ್ನಡ.

ನಾಗೇಶಣ್ಣ ಚೇತರಿಸಿಕೊಂಡರು. ಅದೇ ಕಥೆಯನ್ನು ಆರನೆಯ ಸಲ, ಹತ್ತನೆಯ ಸಲ ಬರೆದರು. ಪ್ರತಿ ಸಲವೂ ಬೈಂದೂರಿನಿಂದ ಹೊಸ ಮೆಚ್ಚುಗೆ ಬಂತು. ಗುಲಾಬಿಯಕ್ಕ ಫೋನಿನಲ್ಲಿ ಹೇಳಿ ನಗುತ್ತಿದ್ದರು: "ಕಾಣಿ ಕಥಿಯಾ! ಆ ಸುನಂದಮ್ಮ ಎಷ್ಟ್ ಮರ್ಯಾದಿಯಂಗ್ ಬರಿತ್ರ್, ನೀ ಒಂದಿನಾರೂ ಓದಿದ್ಯಾ ಅಂತ ನಂಗೇ ಬೈತ್ರ್!"

ಆ ನಗು ಹೆಚ್ಚು ಕಾಲ ಉಳಿಯಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ನಾಗೇಶಣ್ಣನಿಗೆ ಗುಲಾಬಿಯಕ್ಕನ ಮುಖವೇ ಮರೆತುಹೋಗಿತ್ತು.

ಈ ನಡುವೆ ವೇದಿಕೆಯ ದೊಡ್ಡ ಅಪ್‌ಡೇಟ್ ಒಂದು ಬಂದು ನನ್ನ ಕೋಡಿನ ಒಂದು ಸಾಲು ಕೆಲಸ ನಿಲ್ಲಿಸಿತು. ನಾಗೇಶಣ್ಣನ ತಲೆಬರಹಗಳ ಮುಂದೆಲ್ಲ ‘ಖಾಸಗಿ’ ಎಂಬ ಪದ ಕಾಣಿಸಿಕೊಂಡಿತು. ಕೋಣೆಯಲ್ಲೇ ಕೂತು ಅದನ್ನು ಸರಿಪಡಿಸಿದೆ. ಆದರೆ ಅವರ ಫೋನಿನಲ್ಲಿ ಇನ್ನೂ ಹಳೆಯದೇ ಕಾಣುತ್ತಿದೆ ಎಂದು ಗುಲಾಬಿಯಕ್ಕ ತಿಳಿಸಿದರು. ಬೈಕ್ ಹತ್ತಿ ತ್ರಾಸಿ ಸುತ್ತಿಕೊಂಡು ಗಂಗೊಳ್ಳಿಗೆ ಹೋದೆ. ನಾನು ಅವರ ಫೋನ್ ಹಿಡಿದು ಕೂತಾಗ ನಾಗೇಶಣ್ಣ ಬಗ್ಗಿ, ಅಡುಗೆಕೋಣೆಯ ಕಡೆ ಕಣ್ಣು ತೋರಿಸಿ ಪಿಸುಗುಟ್ಟಿದರು.

"ಒಳಗಿದ್ದ ಹೆಂಗ್ಸ್ ಯಾರಂತ ಗೊತ್ತಿತ್ತಾ? ಪಾಪ, ಒಳ್ಳೇವ್ರೇ. ಆದ್ರೆ ನಾ ಬರ್ದದ್ದ್ ಒಂದೂ ಓದುದಿಲ್ಲೆ." ಆಮೇಲೆ ನನ್ನ ಕೈ ಹಿಡಿದುಕೊಂಡರು. "ಆ ಬೈಂದೂರಿನವ್ರ ವಿಳಾಸ ಕೊಡಿ. ಒಂದ್ ಸಲ ಕಂಡ್ಕಂಡ್ ಬತ್ತೆ. ನಂಗೆ ಈಗ ಗುರ್ತ ಇಪ್ಪುದ್ ಅವ್ರೊಬ್ರದ್ದೇ."

ಫೋನ್ ಕೆಳಗಿಟ್ಟು ಅಡುಗೆಕೋಣೆಗೆ ಹೋದೆ. ಗುಲಾಬಿಯಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮುಚ್ಚುಮರೆ ಸಾಕು, ಸುನಂದಾ ನಾನೇ ಎಂದು ಹೇಳಿಬಿಡಿ ಅಂದೆ.

"ಬೇಡ" ಅಂದರು. "ನಾನ್ ಹೆಂಡ್ತಿ ಅಂದ್ರೇ ನಂಬುದಿಲ್ಲೆ. ಇನ್ನ್ ಸುನಂದಾ ನಾನೇ ಅಂದ್ರೆ ಅವ್ರಿಗೆ ಅವ್ಳೂ ಇಲ್ದಂಗ್ ಆತ್ತ್."

ಒಲೆ ಆರಿಸಿದರು. "ನೀವ್ ಅವ್ರ ಹತ್ರ ಕೂಕಣಿ" ಎಂದು ನನ್ನನ್ನು ಹೊರಗೆ ಕಳಿಸಿದರು. ಒಳಗೆ ಕಪಾಟು ತೆರೆದ ಸದ್ದು, ಆಮೇಲೆ ಹಿಂಬಾಗಿಲು ತೆರೆದ ಸದ್ದು ಕೇಳಿತು. ಸ್ವಲ್ಪ ಹೊತ್ತಿನ ಮೇಲೆ ಮುಂದಿನ ಗೇಟು ತೆರೆದುಕೊಂಡಿತು. ಮದುವೆ ಮನೆಗೆ ಉಡುವ ಸೀರೆ ಉಟ್ಟು, ಹೆಗಲಿಗೆ ಬ್ಯಾಗು ಹಾಕಿಕೊಂಡು, ಗುಲಾಬಿಯಕ್ಕ ತಮ್ಮದೇ ಮನೆಯ ಜಗಲಿಯ ಕೆಳಗೆ ಚಪ್ಪಲಿ ಬಿಟ್ಟರು.

"ನಮಸ್ಕಾರ. ನಾನು ಸುನಂದಾ. ಬೈಂದೂರಿನಿಂದ ಬಂದಿದ್ದೇನೆ."

ನಾಗೇಶಣ್ಣ ದಡಬಡಿಸಿ ಎದ್ದು ನಿಂತರು. ಅಂಗಿಯ ಗುಂಡಿ ಹಾಕಿಕೊಂಡು, ಕೈ ಮುಗಿದು, ಕುರ್ಚಿಯನ್ನು ತಾವೇ ಎಳೆದು ಕೊಟ್ಟರು. ಉಪ್ಪುನೀರಿನ ತೊಟ್ಟಿಯಲ್ಲಿ ಐಸು ಹೇಗೆ ಕಟ್ಟುತ್ತದೆ, ಗಡ್ಡೆಯ ನಡುವೆ ಬಿಳಿ ಯಾಕೆ ಉಳಿಯುತ್ತದೆ ಎಂದು ಒಂದೊಂದಾಗಿ ವಿವರಿಸಿದರು. ಮದುವೆಯಾದಂದಿನಿಂದ ಕೇಳಿದ್ದನ್ನು ಗುಲಾಬಿಯಕ್ಕ ಹೊಸದಾಗಿ ಕೇಳಿದರು. ಆಮೇಲೆ ಏನಾಯಿತು ಎಂದೂ ಪುಸ್ತಕದ ಕನ್ನಡದಲ್ಲೇ ವಿಚಾರಿಸಿದರು. ನಾಗೇಶಣ್ಣ ಒಳಗೆ ತಿರುಗಿ "ಹ್ವಾಯ್, ಬಂದವ್ರಿಗೆ ಚಾ ತನ್ನಿ" ಎಂದು ಕೂಗಿದರು. ಒಳಗೆ ಯಾರೂ ಇರಲಿಲ್ಲ. ನಾನೇ ಹೋಗಿ ಮಾಡಿ ತಂದೆ. ಸಕ್ಕರೆ ಹಾಕಿದೆನೋ ಇಲ್ಲವೋ ನೆನಪಿಲ್ಲ.

ಹೊರಡುತ್ತೇನೆ ಎಂದು ಗುಲಾಬಿಯಕ್ಕ ಎದ್ದಾಗ ನಾಗೇಶಣ್ಣನ ಮುಖ ಬಾಡಿತು.

"ನನ್ ಹೆಂಡ್ತಿ ಇದ್ದಿದ್ರೆ ನಿಮ್ಮನ್ನ ಊಟ ಮಾಡ್ಸ್ದೆ ಕಳ್ಸ್ತಿರ್ಲಿಲ್ಲೆ. ಗುಲಾಬಿ ಅಂತ. ಅವ್ಳ್ ಮಾಡು ಬಂಗ್ಡಿ ಮೀನಿನ್ ಗಸಿ ನೀವ್ ಒಂದ್ ಸಲ ಉಣ್ಕ್. ಎಲ್ಲಿಗ್ ಹೋಯ್ದ್ಲೋ ಏನೋ, ಸುಮಾರ್ ದಿನ ಆಯ್ತ್, ಬರ್ಲೇ ಇಲ್ಲೆ."

ಗುಲಾಬಿಯಕ್ಕ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಬರುತ್ತಾರೆ" ಅಂದರು. "ಖಂಡಿತ ಬರುತ್ತಾರೆ. ನೀವು ಬರೆಯುತ್ತಾ ಇರಿ." ಸ್ವರ ಒಂದಿಷ್ಟೂ ನಡುಗಲಿಲ್ಲ. ಅಲ್ಲಿ ಕೂರಲಾಗದೆ ನಾನು ಅಂಗಳಕ್ಕೆ ಇಳಿದು, ಬೈಕಿನ ಕನ್ನಡಿ ಒರೆಸುವ ನೆವದಲ್ಲಿ ಅತ್ತೆ. ಹೇಳಲು ನಾಚಿಕೆ ಏನೂ ಇಲ್ಲ.

ನನ್ನ ಕಸುಬಿನಲ್ಲಿ ಇರುವುದು ಎರಡೇ ಮಾತು. ಒಂದೋ ಕೆಲಸ ಮಾಡುತ್ತದೆ, ಇಲ್ಲವೇ ಕೆಟ್ಟಿದೆ. ಆ ದಿನ ನಾನು ಬರೆದ ಪ್ರತಿ ಸಾಲೂ ಸರಿಯಾಗಿ ಕೆಲಸ ಮಾಡುತ್ತಿತ್ತು, ಒಂದು ಎರರ್ ಇರಲಿಲ್ಲ. ಕೇಳಿದ್ದನ್ನು ಮಾಡಿಕೊಟ್ಟ ಮೇಲೆ ನಮ್ಮ ಕೆಲಸ ಮುಗಿಯಿತು ಅಂದುಕೊಳ್ಳಬಾರದು, ಅದರೊಳಗೆ ಯಾರೋ ಬದುಕು ಸಾಗಿಸುತ್ತಿರುತ್ತಾರೆ ಎಂದು ಕಲಿತದ್ದು ಅಂದು. ಗೇಟಿನಾಚೆ ಗುಲಾಬಿಯಕ್ಕ ಹಿತ್ತಿಲಿನ ದಾರಿ ಹಿಡಿಯುವ ಮೊದಲು ನನ್ನ ಹತ್ತಿರ ನಿಂತರು. ಆಗ ಮಾತ್ರ ಕಣ್ಣು ತುಂಬಿತ್ತು.

"ವಾರಕ್ಕೊಂದ್ ಸಲ ಬತ್ತೆ ಅಂತ ಹೇಳಿ ಬಂದೆ" ಅಂದರು. "ಅಷ್ಟ್ ಹೊತ್ತಾರೂ ನನ್ ಮುಖ ಕಂಡ್ ಮಾತಾಡ್ತ್ರಲ್ದಾ."