ಹಿಡಕಲ್ಲಿನ ಪಡಸಾಲೆಯಲ್ಲಿ ಸಾಗಿದ ದೋಣಿ

2023ರಲ್ಲಿ ನಾನು ಗೋಕಾಕದ ನರರೋಗ ಚಿಕಿತ್ಸಾಲಯವೊಂದರಲ್ಲಿ ತಂತ್ರಜ್ಞೆಯಾಗಿದ್ದೆ. ಮೂಡಲಗಿ, ಹುಕ್ಕೇರಿ ಕಡೆಯ ರೋಗಿಗಳಿಗೆ ಮನೆಯಲ್ಲೇ ನ್ಯೂರೋಫೀಡ್‌ಬ್ಯಾಕ್ ತರಬೇತಿ ಕೊಡಿಸುವುದು ನನ್ನ ಹೊಣೆಯಾಗಿತ್ತು. ರೋಗಿ ಹಣೆಗೆ ಕಟ್ಟಿಕೊಳ್ಳುವ ವೈರ್‌ಲೆಸ್ ಪಟ್ಟಿಯು ಮಿದುಳಿನ ಅಲೆಗಳನ್ನು ಗ್ರಹಿಸಿ ಟ್ಯಾಬ್‌ಗೆ ಕಳುಹಿಸುತ್ತದೆ. ಮನಸ್ಸು ನೆಲೆಗೊಂಡರೆ ಪರದೆಯ ಮೇಲಿನ ದೋಣಿ ಸಾಗುತ್ತದೆ, ಚದುರಿದರೆ ನಿಲ್ಲುತ್ತದೆ. ಅದರ ದಾಖಲೆ ನಮ್ಮ ಕಂಪ್ಯೂಟರಿಗೆ ಬರುತ್ತದೆ.

ಹಿಡಕಲ್ಲಿನ ಬಸವರಾಜ ಅವರದು ಕಾಲುವೆಯ ಗೇಟ್ ಎತ್ತಿ ಇಳಿಸುವ ಕೆಲಸ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ, ಮಾಡುತ್ತಿದ್ದುದನ್ನು ನಡುವೆಯೇ ಮರೆಯುತ್ತಿದ್ದರು. ತೆರೆದ ಗೇಟನ್ನು ಮರೆತರೆ ಕೆಳಗೆ ಕಾಲುವೆಗಿಳಿದವರ ಜೀವಕ್ಕೇ ಅಪಾಯ. ಅವರು ಕೆಲಸಕ್ಕೆ ಮರಳಬಹುದೇ ಎಂಬುದನ್ನು ನಮ್ಮ ವೈದ್ಯರು ನಿರ್ಧರಿಸಬೇಕಿತ್ತು.

ಮೊದಮೊದಲು ದೋಣಿ ಅಲುಗಲೇ ಇಲ್ಲ. ಆಮೇಲೆ ಒಮ್ಮೆಲೇ ಪ್ರತಿ ಸಂಜೆಯೂ ತೇಲತೊಡಗಿತು. ವೈದ್ಯರು ಸಂತೋಷಪಟ್ಟು, ಕೆಲಸಕ್ಕೆ ಮರಳಬಹುದೆಂಬ ಪ್ರಮಾಣಪತ್ರಕ್ಕೆ ಮುನ್ನ ಪಟ್ಟಿಯನ್ನು ಪರೀಕ್ಷಿಸಿ ಬರಲು ನನ್ನನ್ನು ಕಳುಹಿಸಿದರು.

ನಾನು ತಲುಪಿದಾಗ ಹೊತ್ತು ಮುಳುಗುತ್ತಿತ್ತು. ಜಲಾಶಯ, ಆಕಾಶ, ಆ ಮನೆಯ ಪಡಸಾಲೆ ಎಲ್ಲವೂ ಒಂದೇ ತಿಳಿಗೆಂಪಿನಲ್ಲಿ ಕರಗಿದಂತಿದ್ದವು. ಬಸವರಾಜ ಅವರ ತಾಯಿ ಗಂಗವ್ವ ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿಯಿಟ್ಟು ಕುಳಿತಿದ್ದರು. ವಿಭೂತಿಗೆ ತಾಗದಂತೆ ಕೂದಲಂಚಿಗೆ ನಮ್ಮ ಪಟ್ಟಿ! ಪಕ್ಕದ ಟ್ಯಾಬ್‌ನಲ್ಲಿ ದೋಣಿ ಸದ್ದಿಲ್ಲದೆ ಸಾಗುತ್ತಿತ್ತು. ಮಗ ಗೋಡೆಗೊರಗಿ ಅದನ್ನೇ ನೋಡುತ್ತಿದ್ದರು. ಇನ್ನೊಬ್ಬರ ಕನಸಿನೊಳಗೆ ಕಾಲಿಟ್ಟವಳಂತೆ ನಾನು ಪೂಜೆ ಮುಗಿಯುವವರೆಗೂ ಬಾಗಿಲಲ್ಲೇ ನಿಂತೆ.

“ಅವ್ವಾರ, ಪಟ್ಟಿ ನೀವ್ಯಾಕ ಕಟ್ಟಿಕೊಂಡೀರಿ?” ಎಂದೆ.

“ಅವನ ಕೈಲೆ ಆಗವಲ್ದು ಯವ್ವಾ. ಜಡ್ಡಾದವರ ಹೆಸರಲೆ ಮನ್ಯಾಗಿನವ್ರು ಗುಡಿತನಕ ನೆಲಕ್ಕ ಬಿದ್ದು ಬಿದ್ದು ದೀಡ ನಮಸ್ಕಾರ ಹಾಕೂದಿಲ್ಲೇನು? ಹಂಗ ಇದನೂ ನಾ ಮಾಡಾಕತ್ತೇನಿ. ಪುಣ್ಯಾ ಅವಗ ಮುಟ್ಟತೈತಿ.”

“ನಮ್ಮವ್ವಗ ಗೇಟಿನ ನೌಕರಿ ಕೊಟ್ಟಬಿಡ್ರಿ ಮೇಡಂ,” ಎಂದು ಬಸವರಾಜ ನಕ್ಕರು. ನಗು ಬೇಗನೆ ಆರಿತು. “ಖರೆ ಹೇಳ್ತೇನ್ರಿ, ನನಗ ಗೇಟಿನ ಹತ್ರ ಹೋಗಾಕ ಅಂಜಿಕಿ ಬರತೈತಿ. ತಗದೇನೋ, ಮುಚ್ಚೇನೋ, ತಿಳ್ಯಾಂಗಿಲ್ಲ.”

“ನನ್ನ ಮುಂದ ಯಾಕ ಹೇಳಲಿಲ್ಲೋ?” ಎಂದು ತಾಯಿ ಕೇಳಿದರು.

“ದೋಣಿ ಹೊಂಟಿದ್ದ ನೋಡಿ ನೀ ಎಷ್ಟ ಖುಷಿ ಆಗಿದ್ದಿ, ಹೆಂಗ ಹೇಳ್ಲಿ?”

ಗಂಗವ್ವ ಪಟ್ಟಿಯನ್ನು ಬಿಚ್ಚಿ, ಸೆರಗಿನಿಂದ ಒರೆಸಿ ಮಗನ ಹಣೆಗೆ ಕಟ್ಟಿದರು. ದೋಣಿ ನಿಂತುಬಿಟ್ಟಿತು. “ಇರಲಿ, ಗಡಿಬಿಡಿ ಮಾಡಬ್ಯಾಡ,” ಎಂದು ಪಕ್ಕದಲ್ಲೇ ಕುಳಿತರು.

ನಡೆದದ್ದನ್ನು ತಿಳಿಸಿದಾಗ ವೈದ್ಯರು ಹಳೆಯ ದಾಖಲೆಯನ್ನು ಕೈಬಿಟ್ಟು, ರಜೆ ಮುಂದುವರಿಸಲು ಬರೆದುಕೊಟ್ಟರು. ಮನಸ್ಸು ಶಾಂತವಾಗಿದೆಯೆಂದು ಯಂತ್ರ ತಿಳಿಸುತ್ತದೆ. ಅದು ಯಾರ ಮನಸ್ಸೆಂದು ತಿಳಿಸುವುದಿಲ್ಲ. ಈಗ ನಾನು ದೋಣಿ ನಿಂತ ಮನೆಗಳಿಗಿಂತ ಮೊದಲು, ಅದು ತೀರಾ ಸಲೀಸಾಗಿ ಸಾಗುವ ಮನೆಗಳಿಗೆ ಹೋಗುತ್ತೇನೆ.