ರಂಗಕ್ಕನ ಬಳುವಳಿ

ಕಾಟಯ್ಯನ ಮಂದೆ ಬಿಳಿಗೆರೆ ಕಡೆಯ ತೆಂಗಿನ ತೋಟಗಳಿಗೆ ಇಳಿದರೆ ರಸ್ತೆಯಲ್ಲಿ ಹೋಗುವವರು ಬೈಕು ನಿಲ್ಲಿಸಿ ನೋಡುತ್ತಾರೆ. ಎಪ್ಪತ್ತು ಕುರಿ, ಒಂದೊಂದೂ ಮೈತುಂಬಿಕೊಂಡು ಮಿರಿಮಿರಿ ಅನ್ನುತ್ತದೆ. ಗೊಬ್ಬರಕ್ಕೆಂದು ತಮ್ಮ ತೋಟದಲ್ಲಿ ಮಂದೆ ನಿಲ್ಲಿಸಿಕೊಳ್ಳುವ ಏಕಾಂತಯ್ಯನವರಂತೂ, ಈ ಸುತ್ತಿನಲ್ಲಿ ಇಂಥ ಕುರಿ ಇನ್ನೊಬ್ಬರ ಹತ್ತಿರ ಇಲ್ಲ ಎಂದು ಬಂದವರಿಗೆಲ್ಲ ಹೇಳುತ್ತಾರೆ. ಹೊಗಳುವವರ ಗಂಟೇನು ಹೋಗಬೇಕು? ಅವರು ಯಾರೂ ಮರಿಗಳನ್ನು ಕೂಡುವ ಬಲೆಯ ರೊಪ್ಪದೊಳಗೆ ಬಗ್ಗಿ ಮರಿಗಳನ್ನು ನೋಡುವುದಿಲ್ಲ. ಅಲ್ಲಿ ಕಾಟಯ್ಯನ ಹೆಂಡತಿ ರಂಗಕ್ಕ ಸೀಸೆ ಹಿಡಿದು ಕೂತಿರುತ್ತಾಳೆ. ಈ ಸಲ ಹುಟ್ಟಿದ ನಲವತ್ತು ಮರಿಗಳಲ್ಲಿ ಹದಿನೇಳು ಸತ್ತಿವೆ.

ರಂಗಕ್ಕ ಹುಳಿಯಾರಿನ ಆಚೆಯ ಹಟ್ಟಿಯ ಹೆಣ್ಣು. ಮದುವೆಯಾಗಿ ಬರುವಾಗ ಅವಳ ತಾಯಿ ಭೈರಮ್ಮ ಬಳುವಳಿಯೆಂದು ಒಂದು ಕರಿಮೂತಿಯ ಕುರಿ ಕೊಟ್ಟಿದ್ದಳು. ಆ ಕುರಿಯ ಹೆಣ್ಣುಮರಿ, ಆ ಮರಿಯ ಹೆಣ್ಣುಮರಿ, ಎಷ್ಟು ತಲೆಮಾರಿಗೆ ಹೋದರೂ ಮಗಳ ಪಾಲು. ಗುರುತಿಗೆ ಎಡಗಿವಿಯ ತುದಿಗೊಂದು ಕಚ್ಚು ಹಾಕುತ್ತಿದ್ದರು. ತವರಿನಿಂದ ರಂಗಕ್ಕನಿಗೆ ಬಂದದ್ದು ಅದೊಂದೇ. ಒಡವೆ ಬರಲಿಲ್ಲ, ಹೊಲ ಬರಲಿಲ್ಲ. ಒಂದು ಕಾಲಕ್ಕೆ ಆ ಒಂದು ಕುರಿ ಇಪ್ಪತ್ತಾಗಿತ್ತು.

ಬಳುವಳಿ ಕುರಿಗಳಿಗೆ ಒಂದು ಗುಣವಿತ್ತು. ಈದ ಮೇಲೆ ಅವುಗಳ ಮೈ ಇಳಿದುಬಿಡುತ್ತಿತ್ತು. ಎರಡು ತಿಂಗಳಿಗೆ ಪಕ್ಕೆಯ ಎಲುಬು ಎಣಿಸಬಹುದಿತ್ತು, ಹೊಟ್ಟೆ ಬೆನ್ನಿಗೆ ಹತ್ತುತ್ತಿತ್ತು. ಅವುಗಳ ಮರಿಗಳು ಮಾತ್ರ ದುಂಡುದುಂಡಗೆ, ಹಿಡಿಯಹೋದರೆ ಕೈಗೆ ಸಿಗದ ಹಾಗೆ ನೆಗೆಯುತ್ತಿದ್ದವು. ತಿಂದದ್ದನ್ನೆಲ್ಲ ಹಾಲು ಮಾಡಿ ಕೊಡುವ ಕುರಿ ಅದು, ಮೈಯಲ್ಲಿ ಏನು ಉಳಿದೀತು? ಬೆಳಗ್ಗೆ ಸಂಜೆ ಕೆಚ್ಚಲು ಮುಟ್ಟುವ ರಂಗಕ್ಕನಿಗೆ ಇದು ಗೊತ್ತಿತ್ತು. ಕಾಟಯ್ಯ ಕೆಚ್ಚಲು ಮುಟ್ಟಿದವನಲ್ಲ. ಅವನು ಟಗರು ನೋಡುವವನು. ಮರಿ ಚೆನ್ನಾಗಿ ಬಂದರೆ ಟಗರಿನ ತಳಿ ಎಂದು ಮೀಸೆ ತಿರುವುತ್ತಿದ್ದ, ಸೊರಗಿದರೆ ತಾಯಿ ಸರಿಯಿಲ್ಲ ಎನ್ನುತ್ತಿದ್ದ. ಹಟ್ಟಿಯ ಗಂಡಸರೆಲ್ಲ ಹಾಗೇ ಅನ್ನುತ್ತಾರೆ, ಮನುಷ್ಯರ ವಿಷಯದಲ್ಲೂ.

ಈಚೀಚೆಗೆ ಪ್ರತಿ ಯುಗಾದಿಗೆ ಮುಂಚೆ ವ್ಯಾಪಾರಿ ಸಣ್ಣತಿಮ್ಮಯ್ಯ ಹಬ್ಬದ ಮಾರನೆಯ ದಿನದ ವರ್ಷತೊಡಕಿನ ಮಾಂಸಕ್ಕೆ ಕುರಿ ಹುಡುಕಿಕೊಂಡು ಬರುತ್ತಿದ್ದ. ಚೆನ್ನಾಗಿ ಹಾಲು ಕುಡಿದು ಬೆಳೆದ ಮರಿಗಳ ಮೇಲೆ ಅವನ ಕಣ್ಣು ಮೊದಲು ಬೀಳುತ್ತಿತ್ತು, ಹೆಣ್ಣೋ ಗಂಡೋ ನೋಡದೆ ಕಾಟಯ್ಯ ಅವನ್ನೇ ಕೊಡುತ್ತಿದ್ದ. ಜೊತೆಗೆ, ಮಂದೆಯ ಅಂದ ಕೆಡಿಸುತ್ತವೆಂದು ಬಡಕಲು ಕುರಿಗಳನ್ನೂ ಸಾಗಹಾಕುತ್ತಿದ್ದ. ಹೀಗೆ ತಾಯಿಯೂ ಹೋಯಿತು, ಮಗಳೂ ಹೋಯಿತು. ರಂಗಕ್ಕ ವರ್ಷವರ್ಷವೂ ಬೇಡ ಎಂದಳು. ನಿನ್ನ ತವರಿನ ಕುರಿಗಳೂ ನಿನ್ನ ಹಾಗೇ ಸಣಕಲು ಎಂದು ಅವನು ನಗಾಡಿದ. ಎಲ್ಲರಿಗೂ ಬಡಿಸಿ ಕೊನೆಗೆ ತಳದ ಮುದ್ದೆ ತಿನ್ನುವವಳು ರಂಗಕ್ಕ.

ಹೋದ ಯುಗಾದಿಗೆ ಕಚ್ಚುಗಿವಿಯ ತಾಯಿಕುರಿ ಒಂದೇ ಉಳಿದಿತ್ತು. ರಂಗಕ್ಕ ಅದರ ಕೊರಳು ತಬ್ಬಿಕೊಂಡು ಕೂತಳು.

"ಇದೊಂದು ಬುಡು. ಕಾಯಿಲೆ ಬಂದು ಬಡವಾಗಿಲ್ಲ ಇದು. ಮೈಯೆಲ್ಲ ಮರಿಗೆ ಕೊಟ್ಟೈತೆ ಕಣಪ್ಪ."

"ಮೂಳೆ ಚಕ್ಕಳ ಇಟ್ಕಂಡು ಏನ್ ಮಾಡ್ತೀಯ, ಬುಡತ್ಲಾಗಿ" ಎಂದು ಕಾಟಯ್ಯ ಹಗ್ಗದ ತುದಿಯನ್ನು ಸಣ್ಣತಿಮ್ಮಯ್ಯನ ಕೈಗೆ ಕೊಟ್ಟ. ಅದರ ಮೂರು ತಿಂಗಳ ಹೆಣ್ಣುಮರಿಯೂ ಅದೇ ಗೂಡ್ಸ್ ಆಟೋ ಹತ್ತಿತು. ಅವತ್ತು ರಾತ್ರಿ ರಂಗಕ್ಕ ಉಣ್ಣಲಿಲ್ಲ. ಯಾಕೆಂದು ಯಾರೂ ಕೇಳಲೂ ಇಲ್ಲ.

ಆ ಹೊತ್ತಿಗಾಗಲೇ ಮರಿಗಳು ಸಣ್ಣಗಾಗುತ್ತ ಬಂದಿದ್ದವು. ತಳಿ ಕೆಟ್ಟಿತು ಎಂದುಕೊಂಡ ಕಾಟಯ್ಯ ಬಡಗಣ ಸೀಮೆಯಿಂದ ಎತ್ತರದ ಕೆಂಪು ಟಗರೊಂದನ್ನು ತಂದ. ಈ ಸಲ ಹುಟ್ಟುವಾಗ ಮರಿಗಳು ದೊಡ್ಡವೇ ಹುಟ್ಟಿದವು. ಹದಿನೈದು ದಿನಕ್ಕೆ ಕಾಲು ಮಾತ್ರ ಉದ್ದವಾಗಿ ಹೊಟ್ಟೆ ಒಳಗೆ ಹೋಯಿತು. ಕೊಬ್ಬಿದ ತಾಯಂದಿರ ಕೆಚ್ಚಲು ನೋಡಲಿಕ್ಕೆ ದಪ್ಪ, ಹಿಂಡಿದರೆ ನಾಲ್ಕು ಹನಿ. ಮರಿಗಳು ತಲೆಯಿಂದ ಗುದ್ದಿ ಗುದ್ದಿ ಸೋತು ಅಲ್ಲೇ ಮಲಗುತ್ತಿದ್ದವು.

ಪಶು ಆಸ್ಪತ್ರೆಯ ಡಾಕ್ಟರು ಜ್ಞಾನೇಶ್ ತಿಂಗಳಿಗೊಮ್ಮೆ ಬಂದು, ಮರಿಗಳನ್ನು ಬಟ್ಟೆಯ ಜೋಳಿಗೆಯಲ್ಲಿ ಕೂರಿಸಿ ತಕ್ಕಡಿಗೆ ತೂಗುಹಾಕಿ ತೂಕ ಬರೆದುಕೊಂಡರು. ಒಂದೊಂದು ಮರಿಗೂ ಅಪ್ಪ ಯಾರು, ತಾಯಿ ಯಾರು ಎಂದು ಕೇಳಿದರು. ಅಪ್ಪನ ವಿಷಯಕ್ಕೆ ಕಾಟಯ್ಯ ಎದೆಯುಬ್ಬಿಸಿ ಉತ್ತರ ಕೊಟ್ಟ. ತಾಯಿಯ ವಿಷಯ ಬಂದಾಗ ಹೆಂಡತಿಯ ಮುಖ ನೋಡಿದ. ರಂಗಕ್ಕ ತಡವರಿಸದೆ ತಾಯಿ, ಅಜ್ಜಿ, ಮುತ್ತಜ್ಜಿಯವರೆಗೆ ಹೇಳಿದಳು, ಈದ ಮೇಲೆ ಸೊರಗುತ್ತಿದ್ದ ತನ್ನ ಬಳುವಳಿ ಕುರಿಗಳ ವಿಷಯವನ್ನೂ ಹೇಳಿದಳು.

ಮೂರನೇ ಸಲ ಬಂದ ಡಾಕ್ಟರು ಪುಸ್ತಕ ಮುಚ್ಚಿ ನಿಧಾನವಾಗಿ ಮಾತಾಡಿದರು. "ಎರಡು ಮೂರು ತಿಂಗಳವರೆಗೆ ಮರಿ ಬೆಳೆಯೋದು ಹೆಚ್ಚಾಗಿ ತಾಯಿ ಮೇಲೆ, ಕಾಟಯ್ಯ. ಟಗರಿನ ಗುಣ ಮೈಗೆ ಕಾಣೋದು ಆಮೇಲೆ. ಅಲ್ಲೀತನಕ ಮರಿ ಬದುಕಿರಬೇಕಲ್ಲ? ಹಾಲು ಕೊಡೋದೂ ತಳಿಯಿಂದಲೇ ಬರೋ ಗುಣ. ಈದ ಮೇಲೆ ಸೊರಗ್ತಿದ್ದ ಕುರಿಗಳು ಇದ್ವಲ್ಲ, ಅವೆಲ್ಲಿ?"

ರಂಗಕ್ಕ ಇಷ್ಟು ವರ್ಷ ಹೇಳಿದ್ದೇ ಈ ಮಾತು. ಡಾಕ್ಟರ ಬಾಯಲ್ಲಿ ಬಂದ ಮೇಲೆ ಅದು ನಿಜವಾಯಿತು. ಅವಳಿಗೆ ಗೆದ್ದೆ ಎಂದು ಸಂತೋಷವಾಗಬೇಕಿತ್ತು. ಆಗಲಿಲ್ಲ; ಸೋತು ಬಿದ್ದಿದ್ದ ಮರಿಯೊಂದನ್ನು ಎತ್ತಿಕೊಂಡು ಅದರ ಬಾಯಿಗೆ ಸೀಸೆ ಇಟ್ಟಳು.

ಡಾಕ್ಟರು ಹೋದ ಮೇಲೆ ಕಾಟಯ್ಯ ಮಂದೆಯೊಳಗೆ ಇಳಿದ. ಒಂದೊಂದೇ ಕುರಿಯ ಕೊರಳು ಹಿಡಿದು ಎಡಗಿವಿ ಎತ್ತಿ ನೋಡತೊಡಗಿದ. ಬಿಟ್ಟು ಇನ್ನೊಂದರ ಹತ್ತಿರ ಹೋದ. ನೋಡಿದ ಕುರಿಯನ್ನೇ ಮತ್ತೆ ಹಿಡಿದು ನೋಡಿದ. ಏನು ಹುಡುಕುತ್ತಿದ್ದಾನೆಂದು ರಂಗಕ್ಕನಿಗೆ ಗೊತ್ತಾಯಿತು. ಎಲ್ಲೂ ಇಲ್ಲವೆಂದೂ ಗೊತ್ತಿತ್ತು. ಆದರೂ ತುಂಬ ಹೊತ್ತು ಅವನನ್ನು ತಡೆಯದೆ ನೋಡುತ್ತ ಕೂತಳು. ಅವಳ ಮಡಿಲಲ್ಲಿದ್ದ ಮರಿ ಸೀಸೆಯ ಹಸುವಿನ ಹಾಲನ್ನು ನುಂಗದೆ ಕಟವಾಯಿಯಿಂದ ಹೊರಗೆ ಬಿಡುತ್ತಿತ್ತು.

ಬಿಸಿಲು ತೆಂಗಿನ ಸಾಲಿನ ಆಚೆಗೆ ಸರಿದಾಗ ಕಾಟಯ್ಯ ಬಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. "ನಿಮ್ಮವ್ವನ ಕಡೇದು ಒಂದಾದ್ರೂ ಇರ್ಬೇಕು ಕಣೇ. ತೋರ್ಸು" ಎಂದ. ಮೂವತ್ತೈದು ವರ್ಷದಲ್ಲಿ ಕುರಿಯ ವಿಷಯಕ್ಕೆ ಅವನು ಅವಳನ್ನು ಕೇಳಿದ್ದು ಅದೇ ಮೊದಲು.

"ಇಲ್ಲ ಬುಡು. ಕಡೇದ್ರ ಹಗ್ಗ ನೀನೇ ಹಿಡ್ಕೊಟ್ಟೆ" ಎಂದಳು ರಂಗಕ್ಕ. ಅವಳ ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ.

ಮಡಿಲಿನ ಮರಿ ಆಗಲೇ ತಣ್ಣಗಾಗಿತ್ತು. ಅದನ್ನು ಹೂಳಲಿಕ್ಕೆ ಕಾಟಯ್ಯ ಗುದ್ದಲಿ ತರಲು ಎದ್ದ. ರಂಗಕ್ಕ ಸೀಸೆಯಲ್ಲಿ ಉಳಿದಿದ್ದ ಹಾಲನ್ನು ಅಲುಗಾಡಿಸಿ ನೋಡಿ, ಪಕ್ಕದಲ್ಲಿ ನಡುಗುತ್ತಿದ್ದ ಇನ್ನೊಂದು ಮರಿಯನ್ನು ಮಡಿಲಿಗೆ ಎಳೆದುಕೊಂಡಳು.